ಯಾರೊಡನೆ ಆಟ?

ರಾಮನಗರದ ಗೌಸಿಯಾ ಎಂಜಿನಿಯರಿಂಗ್ ಕಾಲೇಜಿನ ತಂಡವೂ ಅದೇ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ತಂಡವೂ ವಿಶ್ವವಿದ್ಯಾಲಯ ನಡೆಸುವ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಇಂದು ಎದುರುಬದುರಾಗಿ ನಿಲ್ಲುವಂತಿಲ್ಲ. ಊರು ಒಂದೇ, ಬಸ್ ನಿಲ್ದಾಣ ಒಂದೇ, ಸಂಜೆ ಹುಡುಗರು ಕೂಡುವ ಚಹಾ ಅಂಗಡಿಯೂ ಒಂದೇ ಇದ್ದೀತು. ಆದರೆ ಮೊದಲನೆಯದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಎರಡನೆಯದು ಬೆಂಗಳೂರು ವಿಶ್ವವಿದ್ಯಾಲಯಕ್ಕೆ. ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1998ರಲ್ಲಿ. ಅಲ್ಲಿಂದೀಚೆಗೆ ಎಂಜಿನಿಯರಿಂಗ್ ಓದುವ ಹುಡುಗನ ಎದುರಾಳಿ ಬೀದರಿನವನಾಗಬಹುದು, ಮಂಗಳೂರಿನವನಾಗಬಹುದು. ಪಕ್ಕದ ಬೀದಿಯ ಬಿ.ಎ. ತರಗತಿಯವನು ಮಾತ್ರ ಆಗಲಾರ.

ಇದೇನು ಮಹಾ ಸಂಗತಿ ಎಂದು ಶ್ರೋತೃಗಳು ಕೇಳಬಹುದು. ನನಗೂ ಬಹುಕಾಲ ಹಾಗೆಯೇ ಅನ್ನಿಸಿತ್ತು. ಯಾರು ಯಾರೊಡನೆ ಆಡಬೇಕು ಎಂಬುದನ್ನು ಆಡುವವರು ತೀರ್ಮಾನಿಸುವುದಿಲ್ಲ. ಬೇರೆ ಯಾರೋ, ಬೇರೆ ಯಾವುದೋ ಕಾರಣಕ್ಕೆ ತೀರ್ಮಾನಿಸುತ್ತಾರೆ. ಈ ಮಾತಿನ ಪೂರ್ತಿ ಅರ್ಥ ನನಗೆ ಹೊಳೆದದ್ದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಳೆದ ಕೆಲವು ವರ್ಷಗಳಿಂದ ನಡೆಯುತ್ತಿರುವ ಒಂದು ದೊಡ್ಡ ಪಾಲುಪಾರಿಕತ್ತಿನ ಕಥೆಯನ್ನು ಓದಿದ ಮೇಲೆ. ಆ ಕಥೆಯನ್ನು ಮೊದಲು ಹೇಳಿ, ಆಮೇಲೆ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮೈದಾನಕ್ಕೆ ಹಿಂದಿರುಗುತ್ತೇನೆ.

ಅಮೆರಿಕದಲ್ಲಿ ವಿಶ್ವವಿದ್ಯಾಲಯದ ಆಟವೆಂದರೆ ವಿದ್ಯಾರ್ಥಿಗಳ ವಿರಾಮಕಾಲದ ವಿನೋದವಷ್ಟೇ ಅಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕುಳಿತು ನೋಡುತ್ತಾರೆ. ಅವರು ಫುಟ್‌ಬಾಲ್ ಎನ್ನುವುದು ನಮ್ಮ ಫುಟ್‌ಬಾಲನ್ನಲ್ಲ, ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಅವರದೇ ಆದ ಆಟವನ್ನು. ನೂರು ವರ್ಷಕ್ಕೂ ಹಿಂದೆ, ತಂಡಗಳು ರೈಲಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ, ಅಲ್ಲಿನ ವಿಶ್ವವಿದ್ಯಾಲಯಗಳು ನೆರೆಹೊರೆಯ ಲೆಕ್ಕದಲ್ಲಿ ಒಕ್ಕೂಟಗಳನ್ನು ಕಟ್ಟಿಕೊಂಡವು. ದೇಶದ ನಡುಭಾಗದವರು 1896ರಲ್ಲಿ ಒಂದು. ಪಶ್ಚಿಮ ಕರಾವಳಿಯವರು 1915ರಲ್ಲಿ ಇನ್ನೊಂದು. ಯಾರ ಊರಿಗೆ ಒಂದು ರಾತ್ರಿಯ ಪ್ರಯಾಣದಲ್ಲಿ ಹೋಗಿ ಬರಬಹುದೋ ಅವರೊಡನೆ ಆಟ. ನಮ್ಮ ಹಳ್ಳಿಗಳಲ್ಲಿ ಹೆಣ್ಣು ಕೊಟ್ಟು ತರುವ ಊರುಗಳಿಗೆ ಒಂದು ಸುತ್ತು ಇರುತ್ತದಲ್ಲ, ಅಂಥದೇ ಸುತ್ತು.

ದೂರದರ್ಶನ ಬಂದ ಹೊಸತರಲ್ಲಿ ಅದರಿಂದ ಹಣ ಬಂದೀತೆಂಬ ಆಸೆಗಿಂತ ಮೈದಾನಕ್ಕೆ ಬರುವ ಜನ ತಪ್ಪಿಹೋದಾರೆಂಬ ಭಯವೇ ಹೆಚ್ಚಾಗಿತ್ತು. ಆದ್ದರಿಂದ ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾಸಂಸ್ಥೆ, ಎನ್.ಸಿ.ಎ.ಎ., ಯಾವ ತಂಡದ ಪಂದ್ಯ ಎಷ್ಟು ಸಲ ಪರದೆಯ ಮೇಲೆ ಬರಬೇಕೆಂಬುದನ್ನು ತಾನೇ ಅಳೆದು ಕೊಡುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು. 1984ರ ಜೂನ್ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಏಳಕ್ಕೆ ಎರಡು ಮತಗಳಿಂದ, ಈ ಅಳತೆ ವ್ಯಾಪಾರದ ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ತೀರ್ಪು ಕೊಟ್ಟಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ತಾರುಣ್ಯದಲ್ಲಿ ಸ್ವತಃ ಹೆಸರಾಂತ ಫುಟ್‌ಬಾಲ್ ಆಟಗಾರರಾಗಿದ್ದವರು. ಕಾಲೇಜಿನ ಆಟವನ್ನು ಬರಿಯ ವ್ಯಾಪಾರವೆಂದು ಎಣಿಸುವುದು ತಪ್ಪು ಎಂಬುದು ಅವರ ವಾದದ ತಿರುಳು. ಮೈದಾನದ ಮಣ್ಣು ಮೆತ್ತಿಸಿಕೊಂಡಿದ್ದ ನ್ಯಾಯಾಧೀಶರ ಮಾತು ಸೋತಿತು.

ಅಲ್ಲಿಂದ ಮುಂದೆ ಪ್ರಸಾರದ ಹಕ್ಕು ಮಾರಾಟದ ಸರಕಾಯಿತು. ಒಬ್ಬೊಬ್ಬರೇ ಮಾರುವುದಕ್ಕಿಂತ ಒಕ್ಕೂಟವಾಗಿ ಮಾರಿದರೆ ಬೆಲೆ ಹೆಚ್ಚು. ಒಕ್ಕೂಟದಲ್ಲಿ ದೊಡ್ಡ ನಗರಗಳ ತಂಡಗಳಿದ್ದರೆ ಇನ್ನೂ ಹೆಚ್ಚು. ಹೀಗಾಗಿ ನೆರೆಹೊರೆಯ ಲೆಕ್ಕ ಹೋಗಿ ನೋಡುಗರ ಲೆಕ್ಕ ಬಂತು. 2022ರ ಜೂನ್ 30ರಂದು ಲಾಸ್ ಏಂಜಲೀಸಿನ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಪಶ್ಚಿಮ ಕರಾವಳಿಯ ಒಕ್ಕೂಟವನ್ನು ಬಿಟ್ಟು ನಡುನಾಡಿನ 'ಬಿಗ್ ಟೆನ್' ಒಕ್ಕೂಟಕ್ಕೆ ಹೋಗುವುದಾಗಿ ಸಾರಿದವು. ಅದೇ ಆಗಸ್ಟಿನಲ್ಲಿ ಬಿಗ್ ಟೆನ್ ತನ್ನ ಏಳು ವರ್ಷಗಳ ಪ್ರಸಾರದ ಹಕ್ಕನ್ನು ಮೂರು ವಾಹಿನಿಗಳಿಗೆ ಹಂಚಿ ಮಾರಿದಾಗ ಬಂದ ಮೊತ್ತ, ಪತ್ರಿಕೆಗಳ ವರದಿಯಂತೆ, 700 ಕೋಟಿ ಡಾಲರುಗಳಿಗೂ ಮೇಲು. ಈಗ ಆ ಒಕ್ಕೂಟದ ಸದಸ್ಯರು ಹದಿನೆಂಟು. ಹೆಸರು ಮಾತ್ರ 'ದೊಡ್ಡ ಹತ್ತು' ಎಂದೇ ಇದೆ. 'ಬಿಗ್ 12' ಎಂಬ ಮತ್ತೊಂದರಲ್ಲಿ ಹದಿನಾರು ಮಂದಿ. ಲೆಕ್ಕಶಾಸ್ತ್ರವನ್ನು ಕಲಿಸುವ ವಿಶ್ವವಿದ್ಯಾಲಯಗಳೇ ಇವು ಎಂಬುದನ್ನು ಮರೆಯಬಾರದು.

ಪಶ್ಚಿಮದ ಹಳೆಯ ಒಕ್ಕೂಟದ ಹನ್ನೆರಡರಲ್ಲಿ ಹತ್ತು ಮಂದಿ 2024ರ ಹೊತ್ತಿಗೆ ಮನೆ ಬಿಟ್ಟರು. ಉಳಿದವರು ಇಬ್ಬರೇ: ಆರಿಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಆರಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೂ ಅದರ ನೆರೆಯ ಆರಿಗನ್ ವಿಶ್ವವಿದ್ಯಾಲಯಕ್ಕೂ ನಡುವಣ ದೂರ ಸುಮಾರು 65 ಕಿಲೋಮೀಟರು. 1894ರಿಂದ ಅವರಿಬ್ಬರೂ ಆಡಿಕೊಂಡು ಬಂದವರು. ಅವರನ್ನು ಬೇರೆ ಬೇರೆ ಒಕ್ಕೂಟಗಳಲ್ಲಿ ನಿಲ್ಲಿಸಿದ್ದು ಜಗಳವಲ್ಲ, ಬೆಲೆ. ಇನ್ನು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಪೆಸಿಫಿಕ್ ಸಾಗರದ ದಂಡೆಯವು, ಈಗ ಸೇರಿರುವುದು ಅಟ್ಲಾಂಟಿಕ್ ಕರಾವಳಿಯ ಒಕ್ಕೂಟಕ್ಕೆ. ಪಾಲಾದದ್ದು ಫುಟ್‌ಬಾಲಿನ ಬೆಲೆಯ ಆಸೆಯಿಂದ. ಆದರೆ ಆ ಹೆಸರಿನಲ್ಲಿ ವಾಲಿಬಾಲ್ ಆಡುವ ಹುಡುಗಿಯರೂ ಕ್ಯಾಲಿಫೋರ್ನಿಯದಿಂದ ಬಾಸ್ಟನ್ನಿಗೆ ವಿಮಾನ ಹತ್ತಬೇಕು. ಹಿಂದಿರುಗಿ ಬಂದು ಪರೀಕ್ಷೆಗೆ ಓದಬೇಕು. ಅವರ ಆಟಕ್ಕೆ ವಾಹಿನಿಗಳು ಕೊಡುವ ಬೆಲೆ ಅಷ್ಟಕ್ಕಷ್ಟೆ.

ಈ ಹಣದಲ್ಲಿ ಆಡುವವನ ಪಾಲೆಷ್ಟು? ಬಹುಕಾಲ ಸೊನ್ನೆ. ವಿದ್ಯಾರ್ಥಿವೇತನವೇ ಸಾಕಷ್ಟು ಎಂಬುದು ನಿಯಮ. 2021ರಿಂದ ಆಟಗಾರರು ತಮ್ಮ ಹೆಸರನ್ನೂ ಚಿತ್ರವನ್ನೂ ಜಾಹೀರಾತಿಗೆ ಮಾರಿಕೊಳ್ಳಲು ಅನುಮತಿ ಸಿಕ್ಕಿತು. 2025ರ ಜೂನ್ ತಿಂಗಳಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯೊಂದರಂತೆ ವಿಶ್ವವಿದ್ಯಾಲಯವೇ ತನ್ನ ಆಟಗಾರರಿಗೆಲ್ಲ ಕೂಡಿ ವರ್ಷಕ್ಕೆ ಸುಮಾರು ಎರಡು ಕೋಟಿ ಐದು ಲಕ್ಷ ಡಾಲರುಗಳವರೆಗೆ ಹಂಚಬಹುದು. 1984ರಿಂದ ಲೆಕ್ಕ ಹಾಕಿದರೆ ನಲವತ್ತೊಂದು ವರ್ಷ. ಅಷ್ಟರಲ್ಲಿ ಎಷ್ಟು ತಲೆಮಾರಿನ ಹುಡುಗರು ಆಡಿ, ಮಂಡಿ ಮುರಿದುಕೊಂಡು, ಮನೆಗೆ ಹೋದರೋ!

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿಯೂ ಪಾಲುಗಳಾಗಿವೆ, ಆದರೆ ಹಣದ ಕಾರಣದಿಂದಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದಿಂದ ಒಡೆದು 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವಾಯಿತು. ಕಾಲಕ್ರಮದಲ್ಲಿ ನಮ್ಮ ತಾಲ್ಲೂಕುಗಳ ಕಾಲೇಜುಗಳು ಅದರ ತೆಕ್ಕೆಗೆ ಬಂದವು. 1996ರಲ್ಲಿ ವೈದ್ಯಕೀಯ ಕಾಲೇಜುಗಳೂ 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳೂ ಪ್ರತ್ಯೇಕ ವಿಶ್ವವಿದ್ಯಾಲಯಗಳ ಪಾಲಾದವು. 2004ರಲ್ಲಿ ತುಮಕೂರು ಬೇರೆಯಾಯಿತು. ಮಾಗಡಿಯವರಿಗೆ ಕುಣಿಗಲ್ಲಿನವರು ಪರವಿಶ್ವವಿದ್ಯಾಲಯದವರಾದರು. ಚನ್ನಪಟ್ಟಣದಿಂದ ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಸಿಗುವ ಮದ್ದೂರಿನವರಂತೂ ಜಿಲ್ಲೆಯ ಗಡಿಯ ದೆಸೆಯಿಂದ ಬೇರೆಯೇ. ಕೊನೆಗೆ 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೇ ಮೂರಾಯಿತು. ಆರು ನೂರಕ್ಕೂ ಮೀರಿದ ಕಾಲೇಜುಗಳ ಪರೀಕ್ಷೆ, ಅಂಕಪಟ್ಟಿಗಳ ಭಾರ ಹೊರಲಾರದೆ ಸರ್ಕಾರ ಅದನ್ನು ಒಡೆಯಿತು. ನಗರದ ನಡುಭಾಗ ಸೆಂಟ್ರಲ್ ಕಾಲೇಜಿನ ಕಡೆಗೆ, ಕೋಲಾರದ ದಿಕ್ಕು ಉತ್ತರ ವಿಶ್ವವಿದ್ಯಾಲಯಕ್ಕೆ. ನಮ್ಮ ನಾಲ್ಕು ತಾಲ್ಲೂಕುಗಳು ಜ್ಞಾನಭಾರತಿಯ ಹಳೆಯ ಮನೆಯಲ್ಲೇ ಉಳಿದವು. ಈ ಯಾವ ಆಜ್ಞೆಯಲ್ಲಿಯೂ ಕಬಡ್ಡಿಯ ಚಿಂತೆಗೆ ಎಡೆಯಿದ್ದಿರಲಾರದು.

ಆದರೂ ಇದರ ಪರಿಣಾಮ ಕಬಡ್ಡಿ ಅಂಗಳಕ್ಕೆ ತಟ್ಟದೆ ಇರುವುದಿಲ್ಲ. ಹೇಗೆಂದರೆ, ನಮ್ಮ ಕಾಲೇಜು ಆಟದ ಮೆಟ್ಟಿಲುಗಳು ಹೀಗಿವೆ: ಮೊದಲು ಅಂತರ ಕಾಲೇಜು ಪಂದ್ಯ, ಅಲ್ಲಿಂದ ಆರಿಸಿದ ವಿಶ್ವವಿದ್ಯಾಲಯದ ತಂಡ, ಅದು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ, ಗೆದ್ದರೆ ಅಖಿಲ ಭಾರತ ಮಟ್ಟಕ್ಕೆ. ಇವುಗಳ ಮೇಲ್ವಿಚಾರಣೆ 1925ರಷ್ಟು ಹಿಂದೆ ಅಂತರ ವಿಶ್ವವಿದ್ಯಾಲಯ ಮಂಡಳಿಯೆಂದು ಆರಂಭವಾದ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ್ದು. ವಲಯ ಪಂದ್ಯದಲ್ಲಿ ವಿಶ್ವವಿದ್ಯಾಲಯದ ಪರವಾಗಿ ಆಡಿದವನಿಗೆ ಒಂದು ಪ್ರಮಾಣಪತ್ರ ಸಿಗುತ್ತದೆ. ನಗರದ ಶ್ರೀಮಂತ ಮನೆಯಲ್ಲಿ ಅದು ಗೋಡೆಗೆ ತೂಗುಹಾಕುವ ವಸ್ತು. ಮಾಗಡಿಯ ಕಡೆಯ ಎರಡೆಕರೆ ಹೊಲದ ಮನೆಯಲ್ಲಿ ಅದು ಜೀವನೋಪಾಯ. ಏಕೆಂದರೆ ಕೇಂದ್ರ ಸರ್ಕಾರದ ಕ್ರೀಡಾ ಮೀಸಲಿನ ಕೆಳದರ್ಜೆಯ ನೌಕರಿಗಳಿಗೆ ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ಆಡಿದವರೂ ಅರ್ಹರು. ಅಲ್ಲಿ ಡಾಲರು ಯಾವ ಸ್ಥಾನದಲ್ಲಿದೆಯೋ ಇಲ್ಲಿ ಆ ಸ್ಥಾನದಲ್ಲಿ ಈ ಕಾಗದವಿದೆ.

ಆದ್ದರಿಂದ ಪಾಲಾದದ್ದೆಲ್ಲ ಕೆಡುಕೆಂದು ನಾನು ಹೇಳುವುದಿಲ್ಲ. ವಾಲಿಬಾಲ್ ತಂಡದಲ್ಲಿ ಹನ್ನೆರಡು ಮಂದಿ. ಆರು ನೂರು ಕಾಲೇಜುಗಳಿಂದ ಹನ್ನೆರಡು ಮಂದಿಯನ್ನು ಆರಿಸುತ್ತಿದ್ದ ಕಡೆ ಈಗ ಮೂರು ವಿಶ್ವವಿದ್ಯಾಲಯಗಳು ಮೂವತ್ತಾರು ಮಂದಿಯನ್ನು ಕಳಿಸುತ್ತವೆ. ಬೆಂಗಳೂರಿನ ದೊಡ್ಡ ಕಾಲೇಜುಗಳ ನೆರಳು ಸ್ವಲ್ಪ ಸರಿದ ಮೇಲೆ ಕನಕಪುರದ, ಚನ್ನಪಟ್ಟಣದ ಹುಡುಗರ ಕಡೆಗೆ ಆಯ್ಕೆಗಾರನ ಕಣ್ಣು ಬೀಳುವ ಸಂಭವ ಹೆಚ್ಚು. ಹಳೆಯ ಮನೆಯ ವೈಭವಕ್ಕಾಗಿ ಕೊರಗುವ ನನ್ನಂಥವರು ಈ ಲೆಕ್ಕವನ್ನು ಮರೆಯುತ್ತೇವೆ.

ಹಾಗೆಯೇ ಒಂದು ವಿಚಿತ್ರವನ್ನೂ ಹೇಳಬೇಕು. ಕನಕಪುರ ರಸ್ತೆಯ ಜಕ್ಕಸಂದ್ರದಲ್ಲಿ ಜೈನ್ ವಿಶ್ವವಿದ್ಯಾಲಯದ ವಿಶಾಲವಾದ ಆವರಣವಿದೆ. 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡೆಗಳ ಅನೇಕ ಸ್ಪರ್ಧೆಗಳಿಗೆ ಆ ಆವರಣವೇ ಅಂಗಳವಾಯಿತು. ಉದ್ಘಾಟನೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ. ಪದಕಪಟ್ಟಿಯಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯವೇ 20 ಚಿನ್ನಗಳೊಡನೆ ಮೊದಲ ಸ್ಥಾನಕ್ಕೆ ಬಂತು. ಟೋಕಿಯೊ ಒಲಿಂಪಿಕ್ಸಿನಲ್ಲಿ ಈಜಿದ್ದ ಶ್ರೀಹರಿ ನಟರಾಜ್ ಅದರ ಪರವಾಗಿ ಈಜಿದರು. ದೇಶದ ವಿಶ್ವವಿದ್ಯಾಲಯಗಳೆಲ್ಲ ನಮ್ಮ ಮಣ್ಣಿಗೆ ಬಂದು ಆಡಿದವೆಂಬುದು ಹೆಮ್ಮೆಯ ವಿಷಯವೇ. ಆದರೆ ಅದೇ ರಸ್ತೆಯ ತುದಿಯ ಕನಕಪುರದ ಸರ್ಕಾರಿ ಕಾಲೇಜಿನ ತಂಡ ಅಂತರ ಕಾಲೇಜು ಪಂದ್ಯದಲ್ಲಿ ಜಕ್ಕಸಂದ್ರದವರನ್ನು ಎಂದೂ ಸಂಧಿಸದು. ಅದು ಸ್ವತಂತ್ರ ವಿಶ್ವವಿದ್ಯಾಲಯ, ಇದು ಇನ್ನೊಂದರ ಒಂದು ಕಾಲೇಜು. ಕನಕಪುರದ ಹುಡುಗ ಮೊದಲು ಬೆಂಗಳೂರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ, ಆ ತಂಡ ದಕ್ಷಿಣ ವಲಯದ ಪಂದ್ಯಕ್ಕೆ ಎಲ್ಲಿಗೋ ರೈಲು ಹತ್ತಿ ಹೋದರೆ, ಅಲ್ಲಿ, ಅದೃಷ್ಟವಿದ್ದರೆ, ತನ್ನ ನೆರೆಯವರು ಎದುರಾಗಬಹುದು. ಒಂದು ಬಗೆಯ ವಿಶ್ವವಿದ್ಯಾಲಯ ಬಲೆಯಂತೆ. ನೂರಾರು ಊರುಗಳ ಮೇಲೆ ಹರಡಿ ಸಿಕ್ಕಿದವರನ್ನು ಎತ್ತುತ್ತದೆ. ಇನ್ನೊಂದು ಸೂಜಿಗಲ್ಲಿನಂತೆ, ಒಂದೇ ಕಡೆ ಕುಳಿತು, ಆಗಲೇ ಹೆಸರಾದವರನ್ನು ಸೆಳೆಯುತ್ತದೆ. ಎರಡನ್ನೂ ಒಂದೇ ಪದಕಪಟ್ಟಿಯಲ್ಲಿ ಹೋಲಿಸುವುದು ನ್ಯಾಯವೇ ಎಂಬ ಸಂದೇಹ ನನಗೆ ಇನ್ನೂ ಹೋಗಿಲ್ಲ.

ಇಲ್ಲಿಯವರೆಗೆ ನಮ್ಮ ಕಾಲೇಜು ಆಟದಲ್ಲಿ ಪ್ರಸಾರದ ಹಣದ ಮಾತು ಬರಲಿಲ್ಲ. ಬರುವಂತೆಯೂ ಇಲ್ಲ, ಏಕೆಂದರೆ ಹಣವೇ ಇಲ್ಲ. ಪ್ರವೇಶದ ಕಾಲದಲ್ಲಿ ವಿದ್ಯಾರ್ಥಿಯೇ ಕಟ್ಟುವ ಕ್ರೀಡಾಶುಲ್ಕ, ವಿಶ್ವವಿದ್ಯಾಲಯದ ಅಷ್ಟಿಷ್ಟು ಅನುದಾನ, ದೈಹಿಕ ಶಿಕ್ಷಣ ನಿರ್ದೇಶಕರು ಊರಿನ ವರ್ತಕರನ್ನು ಕಾಡಿ ಬೇಡಿ ತರುವ ಸಮವಸ್ತ್ರ: ನಮ್ಮ ಅರ್ಥಶಾಸ್ತ್ರ ಇಷ್ಟೇ. ಆದರೆ ಹಣವಿಲ್ಲದ ಕಡೆ ಹಣ ಎಷ್ಟು ಬೇಗ ಬರುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. 1990ರ ದಶಕದ ಆರಂಭದವರೆಗೂ ಕ್ರಿಕೆಟ್ ಪಂದ್ಯ ತೋರಿಸುವುದಕ್ಕೆ ಕ್ರಿಕೆಟ್ ಮಂಡಳಿಯೇ ದೂರದರ್ಶನಕ್ಕೆ ಹಣ ತೆರಬೇಕೆಂಬ ವಾದವಿತ್ತು. 1993ರಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆ ತನ್ನ ಪಂದ್ಯಾವಳಿಯ ಹಕ್ಕನ್ನು ವಿದೇಶೀ ಕಂಪನಿಗೆ ಕೊಟ್ಟಾಗ ವ್ಯಾಜ್ಯ ಹುಟ್ಟಿತು. 1995ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು, ಆಕಾಶದ ತರಂಗಗಳು ಸರ್ಕಾರದ ಸ್ವತ್ತೂ ಅಲ್ಲ, ಸಾಹುಕಾರನ ಸ್ವತ್ತೂ ಅಲ್ಲ, ಸಾರ್ವಜನಿಕರ ಸ್ವತ್ತು ಎಂಬ ಅರ್ಥ ಬರುವಂತೆ ತೀರ್ಪಿತ್ತಿತು. ಅದಾದ ಮೇಲೆ, 2022ರ ಹರಾಜಿನಲ್ಲಿ, ಐ.ಪಿ.ಎಲ್. ಪಂದ್ಯಗಳ ಐದು ವರ್ಷದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಕಬಡ್ಡಿಯನ್ನೇ ನೋಡಿ. 2014ರವರೆಗೆ ಅದನ್ನು ದೂರದರ್ಶನದ ಆಟವೆಂದು ಯಾರೂ ಎಣಿಸಿರಲಿಲ್ಲ. ಆ ವರ್ಷ ವೃತ್ತಿಪರ ಲೀಗು ಆರಂಭವಾಯಿತು. 2021ರಲ್ಲಿ ಅದರ ಐದು ಆವೃತ್ತಿಗಳ ಹಕ್ಕಿನ ಬೆಲೆ 908 ಕೋಟಿಯನ್ನು ದಾಟಿತು.

ಬಾನುಲಿಯಲ್ಲಿ ಮಾತನಾಡುತ್ತಿರುವುದರಿಂದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2007ರ ಕಾಯಿದೆಯೊಂದರಂತೆ, ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಯಾರೇ ಕೊಂಡಿರಲಿ, ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಲೇಬೇಕು. ಆಗ ಬರುವ ಜಾಹೀರಾತಿನ ಹಣದಲ್ಲಿ ದೂರದರ್ಶನದ ಮಟ್ಟಿಗೆ ಹಕ್ಕುದಾರನಿಗೆ 75, ಪ್ರಸಾರ ಭಾರತಿಗೆ 25ರ ಪ್ರಮಾಣ. ಬಾನುಲಿಯ ಮಟ್ಟಿಗೆ ಇಬ್ಬರಿಗೂ ಸಮಪಾಲು. ಆಟಗಾರನ ಹೆಸರು ಆ ಲೆಕ್ಕದಲ್ಲಿ ಬರುವುದಿಲ್ಲ. ಇನ್ನು ಮಾಗಡಿಯ ಅಂತರ ಕಾಲೇಜು ಪಂದ್ಯ ರಾಷ್ಟ್ರೀಯ ಮಹತ್ವದ್ದೆಂದು ಯಾರು ತಾನೆ ವಾದಿಸಿಯಾರು?

ಹರಾಜೆಂಬುದು ರಾಮನಗರದವರಿಗೆ ಹೊಸತಲ್ಲ. ಏಷ್ಯಾಖಂಡದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಅಲ್ಲಿಯದು. ನಾಲ್ಕೂ ತಾಲ್ಲೂಕುಗಳಿಂದ, ಇನ್ನೂ ದೂರದಿಂದ ಗೂಡು ಬರುತ್ತದೆ. ರೀಲರುಗಳು ಲಾಟಿನ ಮುಂದೆ ನಿಂತು ಗೂಡನ್ನು ಕೈಯಲ್ಲಿ ಆಡಿಸಿ ನೋಡಿ ಬೆಲೆ ಕಟ್ಟುತ್ತಾರೆ. 1959ರ ಕಾಯಿದೆ ಬಂದು ಗೂಡನ್ನು ಸರ್ಕಾರದ ಮಾರುಕಟ್ಟೆಯಲ್ಲಿ ಬಹಿರಂಗ ಹರಾಜಿನಲ್ಲಿ ಮಾರುವ ಏರ್ಪಾಡು ನೆಲೆಗೊಂಡ ಮೇಲೆ, ಎಷ್ಟೇ ಕೊರತೆಗಳಿರಲಿ, ರೈತನಿಗೆ ಒಂದು ವಿಷಯ ಖಚಿತವಾಯಿತು: ಲಾಟು ತನ್ನದು, ಚೀಟಿಯಲ್ಲಿರುವುದು ತನ್ನ ಹೆಸರು, ಹಣ ಬರಬೇಕಾದದ್ದು ತನಗೆ. ಬೆಲೆ ಬಿದ್ದ ದಿನವೂ ಗೂಡು ಯಾರದು ಎಂಬ ಸಂಶಯ ಏಳುವುದಿಲ್ಲ. ಕಾಲೇಜು ಆಟದ ಚಿತ್ರದ ಮಟ್ಟಿಗೆ ಆ ಚೀಟಿಯನ್ನು ಯಾರೂ ಬರೆದಿಲ್ಲ. ಅದು ಆಡಿದ ಹುಡುಗರದೋ, ಅಂಗಳ ಕೊಟ್ಟ ಕಾಲೇಜಿನದೋ, ಪಂದ್ಯ ನಡೆಸಿದ ವಿಶ್ವವಿದ್ಯಾಲಯದ್ದೋ, ಸುಣ್ಣದ ಗೆರೆಯ ಪಕ್ಕದಲ್ಲಿ ಫೋನು ಹಿಡಿದು ನಿಂತವನದೋ? ಪಂದ್ಯದ ಪ್ರವೇಶಪತ್ರದಲ್ಲಿ ಇದಕ್ಕೆ ಎರಡು ಸಾಲು ಸೇರಿಸಬಾರದೇಕೆ, ಬಂದ ಹಣದ ಇಂತಿಷ್ಟು ಭಾಗ ಆ ತಂಡದ ಪ್ರಯಾಣಕ್ಕೂ ಚಿಕಿತ್ಸೆಗೂ ಮೀಸಲು ಎಂದು ಬರೆಯಬಾರದೇಕೆ ಎಂದು ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರನ್ನು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ಮೊದಲು ನೆಟ್ಟು ಕೊಡಿಸಿ ಸ್ವಾಮಿ, ಹರಿದುಹೋಗಿದೆ" ಎಂದರು. ಅವರ ಮಾತಿನಲ್ಲಿಯೂ ನ್ಯಾಯವಿತ್ತು.

ಅದೇ ಚಳಿಗಾಲದಲ್ಲಿ ಮಾಗಡಿ ಕಡೆಯ ಒಂದು ಊರಿನಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯ ನೋಡುವ ಅವಕಾಶ ಒದಗಿತು. ಇದಕ್ಕೆ ವಿಶ್ವವಿದ್ಯಾಲಯದ ಗಡಿ ಇರಲಿಲ್ಲ. ಎಂಜಿನಿಯರಿಂಗಿನವರು, ಬಿ.ಕಾಂ.ನವರು, ಓದು ಬಿಟ್ಟು ರೀಲಿಂಗ್ ಘಟಕದಲ್ಲಿ ಕೆಲಸ ಮಾಡುವವರು, ಕುಣಿಗಲ್ಲಿನಿಂದ ಮೋಟಾರ್ ಬೈಕುಗಳಲ್ಲಿ ಬಂದವರು, ಎಲ್ಲರೂ ಬಲೆಯ ಆಚೀಚೆ ಇದ್ದರು. ಶಾಮಿಯಾನದ ಗಳುವಿಗೆ ಒಬ್ಬ ತರುಣ ತನ್ನ ಫೋನನ್ನು ದಾರದಿಂದ ಬಿಗಿದು ಪಂದ್ಯವನ್ನು ಅಂತರ್ಜಾಲದಲ್ಲಿ ಬಿತ್ತರಿಸುತ್ತಿದ್ದ. ಮೂಲೆಯಲ್ಲಿ ನೋಡುಗರ ಸಂಖ್ಯೆ ಕಾಣುತ್ತಿತ್ತು. ನಾನು ಇಣುಕಿದಾಗ ನಾನ್ನೂರ ಚಿಲ್ಲರೆ. ದುಬೈಯಲ್ಲಿರುವ ನಮ್ಮೂರ ಹುಡುಗರೂ ನೋಡುತ್ತಿದ್ದಾರೆ ಎಂದು ಅವನು ಸಂತೋಷದಿಂದ ಹೇಳಿದ. ನಡುನಡುವೆ ಅಂಗಳದಂಚಿನ ಬ್ಯಾನರಿನಲ್ಲಿದ್ದ ಬೀಜದ ಅಂಗಡಿಯ ಹೆಸರನ್ನೂ ಬಾಯಲ್ಲಿ ಹೇಳುತ್ತಿದ್ದ.

"ಇದರಿಂದ ದುಡ್ಡು ಬಂದರೆ ಆಡುವವರಿಗೂ ಕೊಡುತ್ತೀಯೇನಪ್ಪ?" ಎಂದು ಕೇಳಿದೆ.

"ದುಡ್ಡು ಎಲ್ಲಿ ಬರ್ತದೆ ಸಾರ್ ಇದರಲ್ಲಿ? ಬಂದಾಗ ನೋಡ್ಕೊಳ್ಳೋಣ ಬಿಡಿ" ಎಂದು ನಕ್ಕು, ಫೋನನ್ನು ಸರ್ವಿಸ್ ಮಾಡುವವನ ಕಡೆಗೆ ತಿರುಗಿಸಿದ.